ಪೌಡರ್ ಆಮೇಲೆ ನೋಡೋಣ, ಸಂಜೆ ನಾಲ್ಕೂವರೆಗೆ ಏನ್ ತಿಂದ ಹೇಳಿ

ಡಿಸ್ಟ್ರಿಕ್ಟ್ ಸೆಲೆಕ್ಷನ್ ಹತ್ರ ಬಂತು ಅಂದ್ರೆ ಸಾಕು, ಕ್ಲಾಸ್ ಬಿಟ್ಟ ಮೇಲೆ ಗೇಟ್ ಹತ್ರ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಹಿಡ್ಕೊಂಡು ಕೇಳೋದು ಒಂದೇ ಪ್ರಶ್ನೆ, "ಮೇಡಂ, ಹುಡುಗನಿಗೆ ಯಾವ ಪ್ರೋಟೀನ್ ಪೌಡರ್ ಕೊಡಿಸ್ಲಿ?" ನಾನು ದಾವಣಗೆರೆಲಿ ಸಂಜೆ ಹೊತ್ತು ಮಕ್ಕಳಿಗೆ ಟೇಕ್ವಾಂಡೋ ಹೇಳಿಕೊಡೋಳು, ಡಯಟಿಷಿಯನ್ ಅಲ್ಲ, ಆದ್ರೂ ಈ ಪ್ರಶ್ನೆಗೆ ನನ್ನ ಉತ್ತರ ರೆಡಿ ಇರುತ್ತೆ. ಮೊದಲು ಅವನು ಇವತ್ತು ಸಂಜೆ ನಾಲ್ಕೂವರೆಗೆ ಏನ್ ತಿಂದು ಬಂದ ಹೇಳಿ ಅಂತ ತಿರುಗಿ ಕೇಳ್ತೀನಿ. ಅಲ್ಲಿಗೆ ಸುಮಾರು ಜನ ಸುಮ್ಮನಾಗ್ತಾರೆ, ಯಾಕಂದ್ರೆ ಆ ಹೊತ್ತಲ್ಲಿ ಅವರು ಕೆಲಸದಲ್ಲಿ, ಮಗ ಸ್ಕೂಲ್ ವ್ಯಾನಲ್ಲಿ, ತಿಂದಿದ್ದು ಐದು ರೂಪಾಯಿ ಚಿಪ್ಸ್ ಪ್ಯಾಕೆಟ್ಟು ಇಲ್ಲಾ ಏನೂ ಇಲ್ಲ.

ಪ್ರೋಟೀನ್ ಲೆಕ್ಕ ಮೊದಲು ಮುಗಿಸಿಬಿಡ್ತೀನಿ, ಅದು ಎಲ್ಲರೂ ಹೆದರಿರೋ ಅಷ್ಟು ದೊಡ್ಡದೇನಲ್ಲ. ದಿನಾ ಪ್ರಾಕ್ಟೀಸ್ ಮಾಡೋ ಕ್ರೀಡಾಪಟುಗೆ ಒಂದು ಕೆಜಿ ಮೈತೂಕಕ್ಕೆ 1.2 ರಿಂದ 2 ಗ್ರಾಂ ಅಂತ ಹೇಳ್ತಾರೆ, ಮಧ್ಯದಲ್ಲಿ 1.5 ಇಟ್ಕೊಳ್ಳಿ, 45 ಕೆಜಿ ಹುಡುಗನಿಗೆ 67-68 ಗ್ರಾಂ ಆಯ್ತು. ಈಗ ಮನೆ ಊಟದಲ್ಲೇ ಕೂಡಿಸ್ತಾ ಹೋಗಿ. ಬೆಳಗ್ಗೆ ಒಂದು ಪ್ಲೇಟ್ ಉಪ್ಪಿಟ್ಟೋ ಅವಲಕ್ಕಿನೋ ಆದ್ರೆ ಆರೇಳು ಗ್ರಾಂ, ಒಂದು ಲೋಟ ಹಾಲು ಆರು, ಮಧ್ಯಾಹ್ನ ಅನ್ನ ಸಾಂಬಾರ್ ಹನ್ನೆರಡು ಹದಿಮೂರು, ಒಂದು ಮೊಟ್ಟೆ ಆರು, ಸಂಜೆ ಒಂದು ಹಿಡಿ ಹುರಿಗಡಲೆ ಆರು, ರಾತ್ರಿ ಎರಡು ರೊಟ್ಟಿ ಆರು, ಒಂದು ಬಟ್ಟಲು ಗಟ್ಟಿ ಬೇಳೆನೋ ಹೆಸರುಕಾಳು ಪಲ್ಯನೋ ಎಂಟೊಂಬತ್ತು, ಸ್ವಲ್ಪ ಅನ್ನ, ಒಂದು ಬಟ್ಟಲು ಮೊಸರು ಸೇರಿ ಇನ್ನೊಂದು ಎಂಟೊಂಬತ್ತು. ಅರವತ್ತು ದಾಟ್ತು ನೋಡಿ. ಇನ್ನೊಂದು ಮೊಟ್ಟೆ ಬಿದ್ರೆ ಮುಗೀತು, ಮೊಟ್ಟೆ ತಿನ್ನದ ಮನೆ ಆದ್ರೆ ಒಂದು ಹಿಡಿ ಶೇಂಗಾ, ಇಲ್ಲಾ ವಾರಕ್ಕೆರಡು ಸಲ ಸೋಯಾ ಚಂಕ್ಸ್, ಅದರಲ್ಲಿ ಒಣಗಿದ್ದು 100 ಗ್ರಾಂಗೆ 50 ಗ್ರಾಂ ಹತ್ರ ಪ್ರೋಟೀನ್ ಇದೆ, ಕೋಳಿಗಿಂತ ಜಾಸ್ತಿ, ಆದ್ರೆ ಯಾರಿಗೂ ಅದರ ಮೇಲೆ ಗೌರವ ಇಲ್ಲ, ಅಗ್ಗ ಅಲ್ವಾ.

ಇಲ್ಲಿ ಒಂದೇ ಕಂಡೀಷನ್, ಬೇಳೆ ಅಂದ್ರೆ ಬೇಳೆನೇ ಇರ್ಬೇಕು. ಕೆಲವು ಮನೆ ಸಾರಲ್ಲಿ ಬೇಳೆ ಹುಡುಕೋಕೆ ಟಾರ್ಚ್ ಬೇಕು, ಅದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ.

ಇನ್ನೊಂದು ವಿಷಯ ಹೇಳಿದ್ರೆ ಕೆಲವರಿಗೆ ಬೇಜಾರಾಗುತ್ತೆ. ನನ್ನ ಕ್ಲಾಸಲ್ಲಿ ಸರ್ಕಾರಿ ಶಾಲೆ ಮಕ್ಕಳೂ ಇದಾರೆ ಕಾನ್ವೆಂಟ್ ಮಕ್ಕಳೂ ಇದಾರೆ, ಮಧ್ಯಾಹ್ನದ ಊಟದ ವಿಷಯದಲ್ಲಿ ಎಷ್ಟೋ ಸಲ ಸರ್ಕಾರಿ ಶಾಲೆಯವರೇ ಮುಂದೆ. 2013ರಿಂದ ಕ್ಷೀರಭಾಗ್ಯದ ಹಾಲಿದೆ, ಈಗ ಅದಕ್ಕೆ ರಾಗಿ ಮಾಲ್ಟೂ ಸೇರಿದೆ, ಬಿಸಿಯೂಟ ಇದೆ, ಮೊಟ್ಟೆ ಇದೆ, ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣಿದೆ. ಆ ಕಡೆ ಇಪ್ಪತ್ತು ಸಾವಿರ ಡೊನೇಷನ್ ಕೊಟ್ಟ ಶಾಲೆ ಡಬ್ಬಿ ತೆಗೆದ್ರೆ ತಣ್ಣಗಾದ ನೂಡಲ್ಸು, ಪಕ್ಕದಲ್ಲಿ ಎರಡು ಕ್ರೀಮ್ ಬಿಸ್ಕತ್ತು. ಆಮೇಲೆ ಅವರೇ ಬಂದು ನಾಲ್ಕು ಸಾವಿರದ ಡಬ್ಬದ ಫೋಟೋ ವಾಟ್ಸಾಪಲ್ಲಿ ಕಳಿಸಿ ಇದು ಓಕೆನಾ ಮೇಡಂ ಅಂತಾರೆ.

ನಿಜವಾದ ತೊಂದರೆ ಇರೋದು ಗಡಿಯಾರದಲ್ಲಿ. ಮಗು ಊಟ ಮಾಡೋದು ಹನ್ನೆರಡೂವರೆ ಒಂದು ಗಂಟೆಗೆ, ಕ್ಲಾಸ್ ಶುರು ಐದೂವರೆಗೆ, ಬಿಡೋದು ಏಳಕ್ಕೆ, ಅಲ್ಲಿಂದ ಟ್ಯೂಷನ್ನು, ಮನೆ ಮುಟ್ಟಿ ತಟ್ಟೆ ಮುಂದೆ ಕೂರೋಷ್ಟರಲ್ಲಿ ಒಂಬತ್ತೂವರೆ. ಎಂಟೂವರೆ ಗಂಟೆ ಹೊಟ್ಟೆ ಖಾಲಿ, ಮಧ್ಯದಲ್ಲಿ ಒಂದೂವರೆ ಗಂಟೆ ಕಿಕ್ಕು. ಒಲೆಗೆ ಕಟ್ಟಿಗೆನೇ ಹಾಕ್ದೆ ಮೇಲೆ ದೊಡ್ಡ ಪಾತ್ರೆ ಇಟ್ಟಂಗೆ ಇದು. ಮೂರನೇ ರೌಂಡಲ್ಲಿ ಕಾಲೇ ಏಳಲ್ಲ, ಗಾರ್ಡ್ ಕೆಳಗೆ ಬೀಳುತ್ತೆ, ಮುಖಕ್ಕೆ ಒದೆ ಬೀಳುತ್ತೆ, ಅಪ್ಪ ಅಲ್ಲಿ ಕೂತ್ಕೊಂಡು ಸ್ಟ್ಯಾಮಿನಾ ಇಲ್ಲ ಅಂತಾನೆ. ಜೋರಾಗಿ ಒದಿಯೋಕೆ ಬೇಕಾಗಿರೋದು ಮುಖ್ಯವಾಗಿ ಸ್ನಾಯುವಲ್ಲಿ ಕೂಡಿಟ್ಟಿರೋ ಗ್ಲೈಕೋಜನ್ ಅನ್ನೋ ಇಂಧನ, ಅದು ಬರೋದು ಅನ್ನ, ಮುದ್ದೆ, ರೊಟ್ಟಿ, ಬಾಳೆಹಣ್ಣಿಂದ. ಅನ್ನ ತಿಂದ್ರೆ ದಪ್ಪ ಆಗ್ತಾರೆ ಅಂತ ಯಾರೋ ರೀಲ್ಸಲ್ಲಿ ಹೇಳಿದ್ದನ್ನ ತಂದು ಹನ್ನೆರಡು ವರ್ಷದ ಮಗು ಮೇಲೆ ಹಾಕಬೇಡಿ ಪ್ಲೀಸ್.

ಅದಕ್ಕೇ ನಾಲ್ಕೂವರೆ ಅಂತ ಅಷ್ಟು ಒತ್ತಿ ಹೇಳೋದು. ದೊಡ್ಡದೇನೂ ಬೇಡ. ಒಂದು ಬಾಳೆಹಣ್ಣು, ಒಂದು ಚಪಾತಿಗೆ ಬೆಲ್ಲ ತುಪ್ಪ ಸವರಿ ಸುರುಳಿ ಮಾಡಿದ್ದು, ಇಲ್ಲಾ ಮೊಸರವಲಕ್ಕಿ, ಇಲ್ಲಾ ನಮ್ಮ ಊರಿನ ಮಂಡಕ್ಕಿ. ಹೌದು ಮಂಡಕ್ಕಿನೇ, ಹುರಿಗಡಲೆ ಹಿಟ್ಟು, ಶೇಂಗಾ, ಈರುಳ್ಳಿ, ಟೊಮೆಟೊ, ನಿಂಬೆಹಣ್ಣು ಹಿಂಡಿದ್ರೆ ಪ್ರಾಕ್ಟೀಸ್‌ಗೆ ಮುಂಚೆ ಅದಕ್ಕಿಂತ ಹಗುರ ತಿಂಡಿ ಯಾವ ಕಂಪನಿನೂ ಮಾಡಲ್ಲ. ಪಕ್ಕದ ಮೆಣಸಿನಕಾಯಿ ಬಜ್ಜಿ ಮಾತ್ರ ಬಿಡಿ. ದಾವಣಗೆರೆಯವಳಾಗಿ ಇದನ್ನ ಹೇಳೋಕೆ ನನಗೂ ಸಂಕಟನೇ, ಆದ್ರೆ ಎಣ್ಣೆ ಹೊಟ್ಟೆಲಿ ನಿಧಾನ ಕರಗುತ್ತೆ, ಡಾಲ್ಯೋ ಚಾಗಿ (ಸೊಂಟ ತಿರುಗಿಸಿ ಒದೆಯೋ ಕಿಕ್) ಒದಿಯೋವಾಗ ಅದು ಮೇಲಕ್ಕೆ ಬರುತ್ತೆ. ಕ್ಲಾಸ್ ಆದ್ಮೇಲೆ ಟ್ಯೂಷನ್‌ಗೆ ಹೋಗೋ ಮೊದಲು ಬ್ಯಾಗಿಂದ ಒಂದು ಬೇಯಿಸಿದ ಮೊಟ್ಟೆ ಇಲ್ಲಾ ಒಂದು ಹಿಡಿ ಹುರಿಗಡಲೆ ಬೆಲ್ಲ ತೆಗೆದು ತಿಂದ್ರೆ ಸಾಕು, ಅದೇ ರಿಕವರಿ ಮೀಲು. ವರ್ಕೌಟ್ ಆದ ಅರ್ಧ ಗಂಟೆ ಒಳಗೆ ಶೇಕ್ ಕುಡೀದಿದ್ರೆ ಎಲ್ಲಾ ವೇಸ್ಟು ಅನ್ನೋದನ್ನ ನಂಬಬೇಡಿ, ಇಡೀ ದಿನ ಒಟ್ಟು ಎಷ್ಟು ತಿಂದ ಅನ್ನೋದು ಅದಕ್ಕಿಂತ ಮುಖ್ಯ. ಅದೇ ದಿನ ಇನ್ನೊಂದು ಸೆಷನ್ ಇದ್ರೆ ಮಾತ್ರ ಬೇಗ ತಿನ್ನಬೇಕು.

ಹುಡುಗಿಯರ ವಿಷಯ ಬೇರೆನೇ ಬರೀಬೇಕು, ಯಾಕಂದ್ರೆ ಕೋಚ್‌ಗಳು ಮಾತಾಡಲ್ಲ, ಅಪ್ಪಂದಿರಂತೂ ಆ ಕಡೆ ತಿರುಗಲ್ಲ. ಎನ್‌ಎಫ್‌ಎಚ್‌ಎಸ್ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) 5ನೇ ಸರ್ವೆ, 2019-21ರದ್ದು, ಅದರ ಪ್ರಕಾರ ದೇಶದಲ್ಲಿ 15 ರಿಂದ 19 ವರ್ಷದ ಹುಡುಗಿಯರಲ್ಲಿ 59 ಪರ್ಸೆಂಟ್ ಜನಕ್ಕೆ ರಕ್ತಹೀನತೆ. ಅಂದ್ರೆ ನನ್ನ ಮುಂದೆ ಸಾಲಲ್ಲಿ ನಿಂತಿರೋ ಹತ್ತು ಹುಡುಗಿಯರಲ್ಲಿ ಆರು ಜನ ಕಡಿಮೆ ಹಿಮೋಗ್ಲೋಬಿನ್ ಇಟ್ಕೊಂಡೇ ಒದೀತಿರಬಹುದು. ಸುಸ್ತು ಅಂದ್ರೆ ಸೋಮಾರಿ ಅಂತೀವಿ. ಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ಐರನ್ ಫೋಲಿಕ್ ಆಸಿಡ್ ಮಾತ್ರೆ, ಅದನ್ನ ಕಿಟಕಿಯಿಂದ ಆಚೆ ಎಸೆಯೋರೇ ಜಾಸ್ತಿ, ವಾಕರಿಕೆ ಬರುತ್ತೆ ಮೇಡಂ ಅಂತಾರೆ. ಖಾಲಿ ಹೊಟ್ಟೆಲಿ ನುಂಗಿದ್ರೆ ಬಂದೇ ಬರುತ್ತೆ ಕಣೇ, ಊಟ ಆದ್ಮೇಲೆ ತಗೋ ಅಂದ್ರೆ ಸರಿಹೋಗುತ್ತೆ. ಆಮೇಲೆ ಊಟ ಆದ ತಕ್ಷಣ ಟೀ ಕುಡಿಯೋ ಅಭ್ಯಾಸ, ಅದು ಊಟದಲ್ಲಿರೋ ಕಬ್ಬಿಣಾಂಶ ಮೈಗೆ ಹಿಡಿಯೋಕೆ ಬಿಡಲ್ಲ, ಒಂದು ಗಂಟೆ ಆದ್ರೂ ಗ್ಯಾಪ್ ಇರ್ಲಿ. ಸೊಪ್ಪಿನ ಸಾರಿಗೆ, ಕಾಳು ಪಲ್ಯಕ್ಕೆ ನಿಂಬೆಹಣ್ಣು ಹಿಂಡೋದು ಅದಕ್ಕೆ ಉಲ್ಟಾ, ಹಿಡಿಯೋಕೆ ಸಹಾಯ ಮಾಡುತ್ತೆ.

ಮತ್ತೆ ಪೀರಿಯಡ್ಸ್. ತಿಂಗಳು ತಿಂಗಳು ಸರಿಯಾಗಿ ಬರ್ತಿದ್ದ ಹುಡುಗಿಗೆ ಜೋರು ಟ್ರೈನಿಂಗ್ ಶುರುವಾದ ಮೇಲೆ ಮೂರು ತಿಂಗಳು ನಿಂತುಹೋದ್ರೆ ಒಳ್ಳೇದೇ ಆಯ್ತು, ಟೂರ್ನಮೆಂಟ್‌ಗೆ ತೊಂದರೆ ಇಲ್ಲ ಅಂತ ಖುಷಿ ಪಡೋ ಅಮ್ಮಂದಿರನ್ನ ನೋಡಿದೀನಿ. ಅದು ಖುಷಿ ಪಡೋ ವಿಷಯ ಅಲ್ಲ. ಖರ್ಚಾಗ್ತಿರೋ ಅಷ್ಟು ತಿಂತಿಲ್ಲ ಅಂತ ದೇಹ ಒಂದೊಂದೇ ಕೆಲಸ ನಿಲ್ಲಿಸ್ತಾ ಇರಬಹುದು, ಹಿಂದೆನೇ ಮೂಳೆ ಸವೀತಾ ಬರುತ್ತೆ, ಸ್ಟ್ರೆಸ್ ಫ್ರಾಕ್ಚರ್ ಆಗುತ್ತೆ. ಅವತ್ತೇ ಲೇಡಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ರಾಗಿ ಬಗ್ಗೆ ಬೇರೆ ಹೇಳೋದು ಬೇಡ ಅನ್ಕೋತೀನಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಮುದ್ದೆ ನುಂಗೋಕೆ ನಾಚಿಕೆ ಆದ್ರೆ ರಾಗಿ ದೋಸೆ ಮಾಡ್ಕೊಡಿ.

ಈಗ ತೂಕ. ನನಗೆ ಸಿಟ್ಟು ಬರೋ ಸಬ್ಜೆಕ್ಟ್ ಇದು.

ನಮ್ಮ ಆಟದಲ್ಲಿ ಜೂನಿಯರ್ ಹುಡುಗರಿಗೆ 45, 48, 51, 55 ಹೀಗೆ ಕೆಟಗರಿ ಹೋಗುತ್ತೆ, ಹುಡುಗಿಯರಿಗೆ ಇನ್ನೂ ಹತ್ತಿರ, 42, 44, 46. ಎರಡರಿಂದ ನಾಲ್ಕು ಕೆಜಿ ವ್ಯತ್ಯಾಸ. ಹಾಗಾಗಿ ಎಲ್ಲರಿಗೂ ಒಂದೇ ಆಸೆ, ಒಂದು ಕೆಟಗರಿ ಕೆಳಗೆ ಇಳಿದ್ರೆ ಚಿಕ್ಕವರು ಸಿಗ್ತಾರೆ, ಮೆಡಲ್ ಗ್ಯಾರಂಟಿ ಅಂತ. ಎದುರುಗಡೆಯವನೂ ಅದೇ ಲೆಕ್ಕ ಹಾಕಿ ಇಳಿದು ಬಂದಿರ್ತಾನೆ ಅನ್ನೋದು ಯಾರಿಗೂ ಹೊಳೆಯಲ್ಲ. ತೂಕ ನೋಡೋ ದಿನ ಬೆಳಗ್ಗೆ ಸ್ಟೇಡಿಯಂ ಹಿಂದುಗಡೆ ಹೋಗಿ ನೋಡಿ. ಏಪ್ರಿಲ್ ಬಿಸಿಲಲ್ಲಿ ರೇನ್‌ಕೋಟ್ ಹಾಕ್ಕೊಂಡು, ಅದರ ಮೇಲೆ ಜರ್ಕಿನ್ ಹಾಕ್ಕೊಂಡು ಓಡ್ತಿರೋ ಮಕ್ಕಳು, ಬಾಯಲ್ಲಿ ಚೂಯಿಂಗ್ ಗಮ್, ಕೈಯಲ್ಲಿ ಅರ್ಧ ಲೀಟರ್ ಬಾಟ್ಲು, ಅದು ಕುಡಿಯೋಕಲ್ಲ, ಉಗಿಯೋಕೆ. ಎಂಜಲು ಉಗಿದು ಉಗಿದು ನೂರು ಗ್ರಾಂ ಇಳಿಸ್ತಾರೆ. ತುಟಿ ಒಡೆದಿರುತ್ತೆ, ಕಣ್ಣು ಒಳಗೆ ಹೋಗಿರುತ್ತೆ, ಹದಿಮೂರು ಹದಿನಾಲ್ಕು ವಯಸ್ಸು. ತಕ್ಕಡಿ ಮೇಲಿಂದ ಇಳಿದ ತಕ್ಷಣ ಒಂದು ಬಾಟ್ಲು ಕೂಲ್ ಡ್ರಿಂಕ್ ಗಟಗಟ ಕುಡಿದು ಅಲ್ಲೇ ವಾಂತಿ.

ಮೈತೂಕದ 2 ಪರ್ಸೆಂಟ್ ನೀರು ಕಡಿಮೆ ಆದ್ರೆ ಸಾಕು, ಆಟ ಕೆಡೋಕೆ ಶುರು ಆಗುತ್ತೆ. 45 ಕೆಜಿ ಮಗುಗೆ ಅದು 900 ಗ್ರಾಂ ಅಷ್ಟೇ. ಎರಡು ಕೆಜಿ ಇಳಿಸಿ ಬಂದವನು ರಿಂಗಿಗೆ ಇಳಿಯೋ ಮುಂಚೆನೇ ಅರ್ಧ ಸೋತಿರ್ತಾನೆ. ಇದು ಬರೀ ಸೋಲೋ ಗೆಲ್ಲೋ ಮಾತೂ ಅಲ್ಲ. 1997ರ ಕೊನೇಲಿ ಅಮೆರಿಕದಲ್ಲಿ ಮೂರು ಜನ ಕಾಲೇಜ್ ಕುಸ್ತಿ ಹುಡುಗರು ಹೀಗೆ ರಬ್ಬರ್ ಸೂಟ್ ಹಾಕ್ಕೊಂಡು, ನೀರು ಬಿಟ್ಟು, ಬಿಸಿ ರೂಮಲ್ಲಿ ಬೆವರಿಳಿಸೋಕೆ ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತುಹೋದ್ರು, ಆಮೇಲೆ ಅಲ್ಲಿ ಕಾಲೇಜ್ ಕುಸ್ತಿಲಿ ರಬ್ಬರ್ ಸೂಟು, ಸೌನಾ ಎಲ್ಲಾ ಬ್ಯಾನ್ ಮಾಡಿದ್ರು. ನಾವಿನ್ನೂ ರೇನ್‌ಕೋಟಲ್ಲೇ ಇದೀವಿ.

ಇದನ್ನ ಹೇಳಿದ್ರೆ ತಕ್ಷಣ ಪ್ಯಾರಿಸ್ ಉದಾಹರಣೆ ಕೊಡ್ತಾರೆ, 2024ರ ಒಲಿಂಪಿಕ್ಸಲ್ಲಿ ಕುಸ್ತಿಪಟು ಅಮನ್ ಸೆಹ್ರಾವತ್ ಒಂದೇ ರಾತ್ರಿಲಿ 4.6 ಕೆಜಿ ಇಳಿಸಿ ಮಾರನೇ ದಿನ ಕಂಚು ಗೆಲ್ಲಲಿಲ್ವಾ ಅಂತ. ಗೆದ್ದ, ದೊಡ್ಡ ಸಾಧನೆನೇ. ಅದೇ ವಾರ ವಿನೇಶ್ ಫೋಗಟ್ ಕಥೆ ಏನಾಯ್ತು? 53 ಕೆಜಿಲಿ ಆಡ್ತಿದ್ದವಳು 50ಕ್ಕೆ ಇಳಿದಿದ್ಲು, ಮೊದಲ ದಿನ ತೂಕ ಕೊಟ್ಟು ಮೂರು ಕುಸ್ತಿ ಗೆದ್ಲು, ರಾತ್ರಿಯಿಡೀ ಓಡಿ, ಬೆವರಿಳಿಸಿ, ಕೂದಲು ಸಹ ಕತ್ತರಿಸಿಕೊಂಡ್ರೂ ಬೆಳಗ್ಗೆ ನೂರು ಗ್ರಾಂ ಜಾಸ್ತಿ ಬಂತು, ಫೈನಲ್ ಹೋಯ್ತು. ಇಬ್ಬರ ಹಿಂದೆನೂ ಡಾಕ್ಟರು, ನ್ಯೂಟ್ರಿಷನಿಸ್ಟು, ಫಿಸಿಯೋ ಅಂತ ಒಂದು ತಂಡನೇ ಇತ್ತು. ನಮ್ಮ ಹೈಸ್ಕೂಲ್ ಹುಡುಗನ ಹಿಂದೆ ಯಾರಿದಾರೆ? ವಾಟ್ಸಾಪ್ ನೋಡ್ತಾ ಕೂತಿರೋ ಮಾವ.

ಬೆಳೆಯೋ ಮಗುಗೆ ಆರು ತಿಂಗಳಲ್ಲಿ ಪ್ಯಾಂಟ್ ಗಿಡ್ಡ ಆಗುತ್ತೆ, ಹೋದ ವರ್ಷದ ಪ್ಯಾಂಟು ಈ ವರ್ಷ ಹಾಕಿಸಲ್ಲ, ಹೋದ ವರ್ಷದ ಕೆಟಗರಿ ಮಾತ್ರ ಯಾಕೆ ಹಿಡ್ಕೊಂಡು ಕೂರಬೇಕು. ನಮ್ಮ ಕ್ಲಾಸಲ್ಲಿ ರೂಲು ಸಿಂಪಲ್ಲು, ಟೂರ್ನಮೆಂಟ್‌ಗೆ ಮೂರು ವಾರ ಮುಂಚೆ ಬೆಳಗ್ಗೆ ಎದ್ದು ಟಾಯ್ಲೆಟ್ ಮುಗಿಸಿ ನೋಡಿದ ತೂಕ ಎಷ್ಟೋ ಅದರ ಮೇಲಿನ ಕೆಟಗರಿ, ಅಷ್ಟೇ. ಇದರಿಂದ ಇಬ್ಬರು ಮಕ್ಕಳು ಬೇರೆ ಕ್ಲಾಸ್‌ಗೆ ಹೋದ್ರು, ಹೋಗ್ಲಿ. ಮೆಡಿಕಲ್ ಸ್ಟೋರಲ್ಲಿ ಸಿಗೋ ಉಚ್ಚೆ ಹೋಗಿಸೋ ಮಾತ್ರೆ ಕೊಡ್ತಾರೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಮಗೂನ ವಾಪಸ್ ಕರ್ಕೊಂಡು ಬನ್ನಿ. ಫ್ಯೂರೋಸೆಮೈಡ್ ಅಂತ ಅದು, ಪೊಟ್ಯಾಷಿಯಂ ಎಳ್ಕೊಂಡು ಹೋಗುತ್ತೆ, ಎದೆ ಬಡಿತ ಏರುಪೇರಾಗುತ್ತೆ, ಮೇಲಾಗಿ ವಾಡಾ (ಜಾಗತಿಕ ಡೋಪಿಂಗ್ ತಡೆ ಸಂಸ್ಥೆ) ಲಿಸ್ಟಲ್ಲಿ ಬ್ಯಾನ್ ಆಗಿರೋದು.

ವಾಡಾ ಅಂದ್ರಲ್ಲ, ಡಬ್ಬಗಳ ವಿಷಯಕ್ಕೆ ಬರ್ತೀನಿ. ವೇ ಪ್ರೋಟೀನ್ ಅನ್ನೋದು ವಿಷ ಅಲ್ಲ, ಚೀಸ್ ಮಾಡಿದ ಮೇಲೆ ಉಳಿಯೋ ಹಾಲಿನ ತಿಳಿನೀರನ್ನ ಒಣಗಿಸಿದ್ದು, ಬ್ಯಾನ್ ಕೂಡ ಇಲ್ಲ. ತೊಂದರೆ ಏನಂದ್ರೆ ಡಬ್ಬದ ಮೇಲೆ ಬರೆದಿರೋದೇ ಒಳಗಿದೆ ಅಂತ ನಂಬೋದು ಹೇಗೆ. 2024ರಲ್ಲಿ ಕೇರಳದ ಡಾಕ್ಟರ್‌ಗಳ ತಂಡ ಇಲ್ಲಿ ಮಾರೋ 36 ಪ್ರೋಟೀನ್ ಪೌಡರ್ ತಗೊಂಡು ಲ್ಯಾಬಿಗೆ ಹಾಕಿತ್ತು, ಸುಮಾರು 70 ಪರ್ಸೆಂಟಲ್ಲಿ ಪ್ರೋಟೀನ್ ಪ್ರಮಾಣ ಲೇಬಲ್‌ಗೆ ಹೊಂದಲಿಲ್ಲ, ಕೆಲವದರಲ್ಲಿ ಬೂಷ್ಟಿಂದ (ಫಂಗಸ್‌ನಿಂದ) ಬರೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಕೂಡ ಸಿಕ್ತು. ಅದೇ ವರ್ಷ ಐಸಿಎಂಆರ್‌ನವರ ಹೈದರಾಬಾದ್ ಸಂಸ್ಥೆ ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಆಹಾರ ಮಾರ್ಗಸೂಚಿ ಬಿಟ್ಟಾಗ ಪ್ರೋಟೀನ್ ಸಪ್ಲಿಮೆಂಟ್ ಬಿಟ್ಟುಬಿಡಿ ಅಂತಾನೇ ಹೇಳ್ತು. ಕ್ರಿಯಾಟೀನ್ (ಜಿಮ್‌ನವರು ಶಕ್ತಿಗೆ ತಗೊಳ್ಳೋ ಪುಡಿ) ದೊಡ್ಡವರಿಗೆ ಕೆಲಸ ಮಾಡುತ್ತೆ, ಬ್ಯಾನೂ ಇಲ್ಲ, ಆದ್ರೆ ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 18ರ ಒಳಗಿನವರಿಗೆ ಬೇಡ ಅನ್ನುತ್ತೆ, ನಾನೂ ಅಲ್ಲೇ ನಿಲ್ತೀನಿ. ಬಿಸಿಎಎ (ಪ್ರೋಟೀನಲ್ಲಿರೋ ಕೆಲವು ಅಮೈನೋ ಆಸಿಡ್‌ಗಳ ಪುಡಿ) ದುಡ್ಡಿಗೆ ದಂಡ, ಹಾಲು ಬೇಳೆಲಿ ಅವೇ ಇರೋದು. ಪ್ರೀ ವರ್ಕೌಟ್ ಅನ್ನೋ ಬಣ್ಣದ ಪುಡಿ ಇದೆಯಲ್ಲ, ಅದು ಮಾತ್ರ ಮನೆಗೇ ತರಬೇಡಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ಗೆ ಇನ್ನೇನು ಕೆಲವೇ ವಾರ ಇದೆ ಅನ್ನೋವಾಗ ನಮ್ಮ ಕುಸ್ತಿಪಟುಗಳೂ ಸೇರಿ ಒಂದಷ್ಟು ಜನ ಮೀಥೈಲ್‌ಹೆಕ್ಸಾನಮೈನ್ ಅನ್ನೋ ಉತ್ತೇಜಕಕ್ಕೆ ಸಿಕ್ಕಿಬಿದ್ರು, ಈ ಥರ ಪುಡಿಗಳಲ್ಲಿ ಸೇರಿಸ್ತಿದ್ದ ಪದಾರ್ಥನೇ ಅದು.

ಡೋಪಿಂಗ್ ಕಾನೂನಲ್ಲಿ ನನಗೆ ಗೊತ್ತಿರಲಿಲ್ಲ, ಯಾರೋ ಬೆರೆಸಿದ್ರು ಅನ್ನೋ ಮಾತು ಸುಲಭಕ್ಕೆ ನಡೆಯಲ್ಲ. ಡೋಪ್ ಟೆಸ್ಟಲ್ಲಿ ಸಿಕ್ಕಿಬಿದ್ದ ಕುಸ್ತಿಪಟು ನರಸಿಂಗ್ ಯಾದವ್ 2016ರಲ್ಲಿ ಅದನ್ನೇ ಹೇಳಿದ್ದ, ನಾಡಾ (ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ) ಒಪ್ಪಿ ಬಿಟ್ಟಿತ್ತು ಕೂಡ, ಆದ್ರೆ ರಿಯೋದಲ್ಲಿ ಕುಸ್ತಿಗೆ ಇಳಿಯೋ ಹಿಂದಿನ ದಿನ ಕ್ರೀಡಾ ನ್ಯಾಯಮಂಡಳಿ ನಾಲ್ಕು ವರ್ಷ ಬ್ಯಾನ್ ಹಾಕ್ತು. ನಮ್ಮ ಮಕ್ಕಳನ್ನ ಯಾರು ಟೆಸ್ಟ್ ಮಾಡ್ತಾರೆ ಅನ್ಬೇಡಿ, ಖೇಲೋ ಇಂಡಿಯಾಗೆ ಹೋದ್ರೆ ನಾಡಾದವರು ಅಲ್ಲೇ ಇರ್ತಾರೆ. ಮತ್ತೆ ಪುಡಿಗಿಂತ ನನಗೆ ಜಾಸ್ತಿ ಭಯ ಇರೋದು ಕೆಮ್ಮಿನ ಸಿರಪ್ ಮೇಲೆ. ನಮ್ಮಲ್ಲಿ ಮನೆ ಮನೆಲೂ ಇರೋ ಎಷ್ಟೋ ಕೆಮ್ಮಿನ ಸಿರಪ್‌ನಲ್ಲಿ ಟರ್ಬುಟಾಲಿನ್ ಇರುತ್ತೆ, ಅದು ಬ್ಯಾನ್. ನೆಗಡಿ ಮಾತ್ರೆಲಿ ಸೂಡೋಎಫೆಡ್ರಿನ್ ಇದ್ರೆ ಪಂದ್ಯದ ದಿನಕ್ಕೆ ಅದೂ ರಿಸ್ಕು. ಸ್ಟೇಟ್, ನ್ಯಾಷನಲ್ ಲೆವೆಲ್ ಆಡೋ ಮಗು ಇದ್ರೆ ಡಾಕ್ಟರ್‌ಗೆ ಮೊದಲೇ ಹೇಳಿ, ಬಾಟ್ಲಿ ಹಿಂದೆ ಸಣ್ಣಕ್ಷರದಲ್ಲಿರೋದನ್ನ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಅಜ್ಜಿ ಕಾಲದ ಪುಡಿ, ನಾಟಿ ಲೇಹ್ಯ, ಜಿಮ್ ಅಣ್ಣ ಕೊಟ್ಟ ಕವರು, ಲೇಬಲ್ಲೇ ಇಲ್ಲದ್ದು ಯಾವುದೂ ಬೇಡ.

ರಿಕವರಿ ಅಂದ್ರೆ ಈಗ ಎಲ್ಲರೂ ಐಸ್ ಬಾತ್ ವಿಡಿಯೋ ತೋರಿಸ್ತಾರೆ. ಡ್ರಮ್ಮಿಗೆ ಐಸ್ ಸುರಿದು ಮಗೂನ ಕೂರಿಸೋದೆಲ್ಲ ಬೇಡ, ಮಲಗಿಸಿ. 13 ರಿಂದ 18 ವಯಸ್ಸಿಗೆ 8 ರಿಂದ 10 ಗಂಟೆ ನಿದ್ದೆ ಬೇಕು. ಬೆಳಗ್ಗೆ ಐದಕ್ಕೆ ಫಿಟ್‌ನೆಸ್ಸು, ರಾತ್ರಿ ಹನ್ನೊಂದೂವರೆವರೆಗೆ ಹೋಂವರ್ಕು ರೀಲ್ಸು, ಇದರಲ್ಲಿ ಎಂಟು ಗಂಟೆ ಎಲ್ಲಿಂದ ಬರುತ್ತೆ? ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾನು ಬೆಳಗಿನ ಸೆಷನ್ನೇ ಕಟ್ ಮಾಡ್ತೀನಿ, ನಿದ್ದೆ ಬಿಟ್ಟು ಓಡೋದಕ್ಕಿಂತ ಓಡೋದು ಬಿಟ್ಟು ಮಲಗೋದು ಮೇಲು. ವಾರಕ್ಕೊಂದು ದಿನ ಪೂರ್ತಿ ರಜ, ಅವತ್ತು ಗಲ್ಲಿಲಿ ಕ್ರಿಕೆಟ್ ಆಡ್ಕೊಳ್ಳಲಿ. ಗರಡಿಮನೆ ಉಸ್ತಾದರಿಂದ ಕಲಿಯೋದಿದ್ರೆ ಇದೇ, ಸಾಮು ಎಷ್ಟು ಜೋರೋ ಎಣ್ಣೆ ಮಾಲೀಸು, ಬಿಸಿನೀರು, ಊಟ, ನಿದ್ದೆನೂ ಅಷ್ಟೇ ಶಿಸ್ತು. ಆದ್ರೆ ನಮ್ಮೂರ ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿ ಬಂದು ಪೈಲ್ವಾನರ ಥರ ಸೇರುಗಟ್ಟಲೆ ಹಾಲು ಬಾದಾಮಿ ಕುಡಿಸ್ತೀನಿ ಅನ್ನೋ ಅಪ್ಪಂದಿರಿಗೆ, ಅವರ ಬಸ್ಕಿ ದಂಡೆ ಲೆಕ್ಕ ನಿಮ್ಮ ಮಗ ಮಾಡ್ತಾನಾ ಅಂತ ಕೇಳ್ತೀನಿ.

ನೋವಿನ ವಿಷಯ ಸ್ವಲ್ಪ. ಹತ್ತರಿಂದ ಹದಿನೈದರ ಮಕ್ಕಳಿಗೆ ಮೊಣಕಾಲು ಚಿಪ್ಪಿನ ಕೆಳಗೆ ಗಂಟು ಥರ ಊದಿ ನೋಯುತ್ತೆ, ಇಲ್ಲಾ ಹಿಮ್ಮಡಿ ನೋಯುತ್ತೆ, ಮೂಳೆ ಬೆಳೆಯೋ ಜಾಗ ಎಳೆತಕ್ಕೆ ನೋಯೋದು ಅದು. ನೋವಿನ ಮಾತ್ರೆ ನುಂಗಿಸಿ ಜಂಪಿಂಗ್ ಕಿಕ್ ಮಾಡಿಸೋದಲ್ಲ, ಕೆಲವು ವಾರ ಜಿಗಿತ ಕಡಿಮೆ ಮಾಡಿ ಆರ್ಥೋ ಡಾಕ್ಟರ್‌ಗೆ ತೋರಿಸಿ. ತಲೆಗೆ ಒದೆ ಬಿದ್ದು ತಲೆ ಸುತ್ತುತ್ತೆ, ಮಂಜು ಮಂಜು ಅಂದ್ರೆ ಅವತ್ತಿನ ಆಟ ಅಲ್ಲಿಗೆ ಬಂದ್, ಸೆಮಿಫೈನಲ್ ಆಗಿದ್ರೂ ಸರಿ, ಸೀದಾ ಡಾಕ್ಟರ್.

ಮುಂದಿನ ತಿಂಗಳು ಟೂರ್ನಮೆಂಟ್‌ಗೆ ಬರ್ತಿರೋರಿಗೆ ಕೊನೇದಾಗಿ ಬ್ಯಾಗ್ ಲಿಸ್ಟು. ಬೆಳಗ್ಗೆ ಒಂಬತ್ತಕ್ಕೆ ಶುರು ಅಂತಾರೆ, ನಮ್ಮ ಮಗು ಫೈಟ್ ಬರೋದು ಮಧ್ಯಾಹ್ನ ಮೂರಕ್ಕೆ, ಎರಡನೇದು ಸಂಜೆ ಆರಕ್ಕೆ, ಇದು ಬದಲಾಗಲ್ಲ ಬಿಡಿ. ಹೊರಗಿನ ಊಟ ನಂಬ್ಕೊಂಡು ಬರಬೇಡಿ. ಬೆಳಗ್ಗೆ ಇಡ್ಲಿ ತಿನ್ನಿಸಿ, ವಡೆ ಬೇಡ. ಬ್ಯಾಗಲ್ಲಿ ಆರು ಬಾಳೆಹಣ್ಣು, ಚಪಾತಿ ಬೆಲ್ಲ, ಖರ್ಜೂರ, ಒಗ್ಗರಣೆ ಮಂಡಕ್ಕಿ, ಎರಡು ಲೀಟರ್ ನೀರು. ಫೈಟ್‌ಗೆ ಒಂದು ಗಂಟೆ ಇದೆ ಅನ್ನೋವಾಗ ಅರ್ಧ ಬಾಳೆಹಣ್ಣು, ಎರಡು ಫೈಟ್ ಮಧ್ಯ ಖರ್ಜೂರ, ಮೊಸರನ್ನ ಎಲ್ಲಾ ಮುಗಿದ ಮೇಲೆ. ಹೊಸದು ಯಾವುದನ್ನೂ ಅವತ್ತೇ ಮೊದಲ ಸಲ ತಿನ್ನಿಸಬೇಡಿ. ಓಆರ್‌ಎಸ್ ಅಂತ ಬಣ್ಣದ ಟೆಟ್ರಾ ಪ್ಯಾಕ್ ತರ್ತಿದ್ರಲ್ಲ, ಅದು ಓಆರ್‌ಎಸ್ ಅಲ್ಲ, ಸಕ್ಕರೆ ನೀರು, ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನೇ ಆರ್ಡರ್ ಮಾಡಿದೆ. ಮೆಡಿಕಲಲ್ಲಿ ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಬರೆದಿರೋ ಪುಡಿ ಪ್ಯಾಕೆಟ್ ಕೇಳಿ, ಎಷ್ಟು ನೀರಿಗೆ ಅಂತ ಅದರ ಮೇಲೆ ನೋಡಿ ಅಷ್ಟಕ್ಕೇ ಕಲಸಿ, ಅರ್ಧ ಲೋಟಕ್ಕೆ ಇಡೀ ಪ್ಯಾಕೆಟ್ ಸುರೀಬೇಡಿ. ಸಿಗಲಿಲ್ಲ ಅಂದ್ರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಮಟ್ಟವಾಗಿರ್ಲಿ. ಲಿಸ್ಟ್ ಗ್ರೂಪಲ್ಲೂ ಹಾಕ್ತೀನಿ, ಆದ್ರೆ ದಯವಿಟ್ಟು ಕೆಳಗೆ ಥಂಬ್ಸ್ ಅಪ್ ಒತ್ತಿ ಸುಮ್ಮನಾಗದೇ, ಮಗುಗೆ ಅಲರ್ಜಿ ಏನಾದ್ರೂ ಇದ್ರೆ, ಯಾವುದಾದ್ರೂ ಮಾತ್ರೆ ತಗೋತಿದ್ರೆ ಶುಕ್ರವಾರದೊಳಗೆ ನನಗೆ ಪರ್ಸನಲ್ ಮೆಸೇಜ್ ಮಾಡಿ.